ಕೆ. ಶೇಷಾದ್ರಿ ಅಯ್ಯರ್

ಸರ್ ಕೆ. ಶೇಷಾದ್ರಿ ಅಯ್ಯರ್ (ಜೂನ್ 1, 1845 – ಸೆಪ್ಟೆಂಬರ್ 13, 1901) ಮೈಸೂರು ಸಂಸ್ಥಾನದ ದಿವಾನರಾಗಿದ್ದ ಆಡಳಿತಗಾರರು. ಕಾವೇರಿ ನದಿಯಿಂದ ದೊರೆಯಬಹುದಾದ ಶಕ್ತಿಯನ್ನು ಅಂದಾಜು ಮಾಡಿಸಿ, ಶಿವನಸಮುದ್ರ ಜಲವಿದ್ಯುತ್ ಯೋಜನೆಗೆ ಚಾಲನೆ ನೀಡಿದವರು.

ಜೀವನ

ಇವರು ಮಲಬಾರಿನ ಪಾಲಕ್ಕಾಡ್ ಪ್ರದೇಶದವರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪದವಿ ಪಡೆದು, 1868ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. 1883ರಲ್ಲಿ ದಿವಾನ್ ಸಿ. ರಂಗಾಚಾರ್ಲು ಅವರ ನಿಧನಾನಂತರ ಆ ಹುದ್ದೆಗೆ ನೇಮಕಗೊಂಡು, ಸುಮಾರು 18 ವರ್ಷಗಳ ಕಾಲ ಅಧಿಕಾರದಲ್ಲಿದ್ದರು.

ಕಾವೇರಿಯ ಶಕ್ತಿಯ ಅಂದಾಜು

ಕೋಲಾರದ ಚಿನ್ನದ ಗಣಿಗಳ ಯಂತ್ರಗಳು ಆ ಕಾಲದಲ್ಲಿ ಉಗಿಯಿಂದ ನಡೆಯುತ್ತಿದ್ದವು. ಅವುಗಳಿಗೆ ಬೇಕಾದ ಸೌದೆ ಮತ್ತು ಕಲ್ಲಿದ್ದಲು ದುಬಾರಿಯಾಗಿದ್ದವು. ಇದಕ್ಕೆ ಪರ್ಯಾಯವಾಗಿ ನದಿಯ ಶಕ್ತಿಯನ್ನು ಬಳಸುವ ಆಲೋಚನೆ ಮೂಡಿತು.

ನದಿಯಿಂದ ದೊರೆಯುವ ಶಕ್ತಿಯು ನೀರು ಬೀಳುವ ಎತ್ತರ ಹಾಗೂ ಹರಿವಿನ ಪ್ರಮಾಣ ಎರಡನ್ನೂ ಅವಲಂಬಿಸಿರುತ್ತದೆ. ಮಿರ್ಲೆ ಗ್ರಾಮವಿರುವ ಕೃಷ್ಣರಾಜನಗರ ಸೀಮೆಯಲ್ಲಿ ಕಾವೇರಿಯು ಚುಂಚನಕಟ್ಟೆಯ ಬಳಿ ಸುಮಾರು 20 ಮೀಟರ್ ಧುಮುಕುತ್ತದೆ. ಅಲ್ಲಿಂದ ಮುಂದೆ ಹೇಮಾವತಿ, ಲಕ್ಷ್ಮಣತೀರ್ಥ, ಕಪಿಲಾ ಮೊದಲಾದ ಉಪನದಿಗಳನ್ನು ಕೂಡಿಕೊಂಡು ಶಿವನಸಮುದ್ರವನ್ನು ತಲುಪುತ್ತದೆ. ಅಲ್ಲಿ ದೊರೆಯುವ ಇಳಿತ ಸುಮಾರು 120 ಮೀಟರ್. ಹೀಗಾಗಿ ಎತ್ತರ ಮತ್ತು ಹರಿವು ಎರಡೂ ಅಲ್ಲಿ ಹೆಚ್ಚು ಅನುಕೂಲಕರವಾಗಿವೆ.

ಸಂಸ್ಥಾನದ ಉಪ ಮುಖ್ಯ ಎಂಜಿನಿಯರ್ ಎ. ಜೆ. ಡಿ ಲಾಟ್ಬಿನಿಯರ್ ಯೋಜನೆಯನ್ನು ರೂಪಿಸಿದರು. ಅವರು ಯುರೋಪ್ ಮತ್ತು ಅಮೆರಿಕಗಳಿಗೆ ತೆರಳಿ ಅಲ್ಲಿನ ವಿದ್ಯುತ್ ಸ್ಥಾವರಗಳನ್ನು ಅಧ್ಯಯನ ಮಾಡಿದರು. ವಿದ್ಯುತ್ತನ್ನು ಅಷ್ಟು ದೂರ ಸಾಗಿಸಿದ ನಿದರ್ಶನ ವಿರಳವಾಗಿದ್ದ ಆ ದಿನಗಳಲ್ಲಿ ಸಂಸ್ಥಾನದ ಬೊಕ್ಕಸದಿಂದ ಹಣ ತೊಡಗಿಸುವುದು ಸಾಹಸದ ನಿರ್ಧಾರವಾಗಿತ್ತು. ಗಣಿಗಳೊಡನೆ ಮುಂಚಿತವಾಗಿಯೇ ಒಪ್ಪಂದ ಮಾಡಿಕೊಂಡು, ಉತ್ಪಾದನೆಯಾಗುವ ವಿದ್ಯುತ್ತಿಗೆ ಖಾತರಿಯಾದ ಗ್ರಾಹಕರನ್ನು ಒದಗಿಸಿಕೊಳ್ಳಲಾಯಿತು.

ಯೋಜನೆಯ ಅನುಷ್ಠಾನ

ಮಹಾರಾಣಿ ಕೆಂಪನಂಜಮ್ಮಣ್ಣಿ ಅವರ ರಾಜಪ್ರತಿನಿಧಿತ್ವದ ಅವಧಿಯಲ್ಲಿ ಕಾಮಗಾರಿ ನಡೆಯಿತು. ವಿದ್ಯುತ್ ಯಂತ್ರೋಪಕರಣಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಪೂರೈಸಿತು. 1902ರ ಜೂನ್ 30ರಂದು ಸುಮಾರು 147 ಕಿ.ಮೀ. ಉದ್ದದ ಮಾರ್ಗದ ಮೂಲಕ ಕೋಲಾರದ ಗಣಿಗಳಿಗೆ ವಿದ್ಯುತ್ ಹರಿಯಿತು. ಆ ಕಾಲದಲ್ಲಿ ಇದು ಜಗತ್ತಿನ ಅತಿ ಉದ್ದದ ವಿದ್ಯುತ್ ಪ್ರಸರಣ ಮಾರ್ಗಗಳಲ್ಲಿ ಒಂದಾಗಿತ್ತು. ಶೇಷಾದ್ರಿ ಅಯ್ಯರ್ ಅದಕ್ಕೆ ಒಂಬತ್ತು ತಿಂಗಳ ಮೊದಲೇ ನಿಧನರಾಗಿದ್ದರು. 1905ರಲ್ಲಿ ಬೆಂಗಳೂರು ನಗರಕ್ಕೂ ಇದೇ ಸ್ಥಾವರದ ವಿದ್ಯುತ್ ದೊರೆಯಿತು.

ಮಿತಿ ಮತ್ತು ಮುಂದಿನ ಬೆಳವಣಿಗೆ

ಮಳೆಗಾಲದಲ್ಲಿ ತುಂಬಿ ಹರಿಯುವ ಕಾವೇರಿ ಬೇಸಿಗೆಯಲ್ಲಿ ಸೊರಗುತ್ತದೆ. ಗಣಿಗಳಿಗಾದರೋ ವರ್ಷವಿಡೀ ವಿದ್ಯುತ್ ಬೇಕಿತ್ತು. ಆದ್ದರಿಂದ ನೀರನ್ನು ಸಂಗ್ರಹಿಸಿ, ವರ್ಷವಿಡೀ ಹದವಾಗಿ ಹರಿಸುವ ಜಲಾಶಯ ಅನಿವಾರ್ಯವಾಯಿತು. 1911ರಲ್ಲಿ ಮುಖ್ಯ ಎಂಜಿನಿಯರ್ ಎಂ. ವಿಶ್ವೇಶ್ವರಯ್ಯನವರ ನೇತೃತ್ವದಲ್ಲಿ ಕಣ್ಣಂಬಾಡಿಯಲ್ಲಿ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ಉದ್ದೇಶಗಳಲ್ಲಿ ನೀರಾವರಿಯೊಂದಿಗೆ ಶಿವನಸಮುದ್ರಕ್ಕೆ ನಿರಂತರವಾಗಿ ನೀರು ಒದಗಿಸುವುದೂ ಸೇರಿತ್ತು.

ಇತರ ಕಾರ್ಯಗಳು ಮತ್ತು ಸ್ಮರಣೆ

ಹೆಸರಘಟ್ಟದಿಂದ ಬೆಂಗಳೂರಿಗೆ ಕುಡಿಯುವ ನೀರಿನ ಪೂರೈಕೆ, ವಿಕ್ಟೋರಿಯಾ ಆಸ್ಪತ್ರೆಯ ಸ್ಥಾಪನೆ ಮತ್ತು ಮಾರಿಕಣಿವೆ ಜಲಾಶಯದ ಆರಂಭ ಇವರ ಅವಧಿಯ ಇತರ ಪ್ರಮುಖ ಕಾರ್ಯಗಳು. ಬೆಂಗಳೂರಿನ ಶೇಷಾದ್ರಿಪುರಂ ಬಡಾವಣೆಗೆ ಇವರ ಹೆಸರನ್ನಿಡಲಾಗಿದೆ. ಕಬ್ಬನ್ ಉದ್ಯಾನದಲ್ಲಿ ಇವರ ಪ್ರತಿಮೆ ಹಾಗೂ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವಿದೆ.