ರಾಬರ್ಟ್ ಬ್ರೂಸ್ ಫೂಟ್: ಆದಿಮ ಬೇಟೆಗಾರರ ನೆಲೆಗಳನ್ನು ಅರಸಿದ ಭೂವಿಜ್ಞಾನಿ

ಭಾರತದ ಪ್ರಾಗಿತಿಹಾಸ ಅಧ್ಯಯನಕ್ಕೆ ಅಸ್ತಿಭಾರ ಹಾಕಿದವರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅಗ್ರಗಣ್ಯರು. 1834ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಅವರು 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯನ್ನು ಸೇರಿದರು. ಶಿಲೆಗಳ ಪರಿಶೀಲನೆ ಅವರ ವೃತ್ತಿಯಾಗಿತ್ತು; ಶಿಲೆಗಳ ನಡುವೆ ಆದಿಮಾನವನ ಕುರುಹನ್ನು ಹುಡುಕುವುದು ಬಾಳಿನ ವ್ರತವಾಯಿತು.

1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ, ಜಂಬಿಟ್ಟಿಗೆ ಗರಸನ್ನು ಅಗೆದ ಗುಂಡಿಯೊಂದರಲ್ಲಿ, ಹಳೆಯ ಶಿಲಾಯುಗದ ಆಯುಧವೊಂದು ಅವರಿಗೆ ದೊರೆಯಿತು. ಅದೇ ವರ್ಷ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂ ನೆಲೆಯನ್ನು ಶೋಧಿಸಿದರು. ಮುಂದೆ ಮಲಪ್ರಭಾ ಕಣಿವೆ, ಬಳ್ಳಾರಿ, ರಾಯಚೂರು ಸೀಮೆಗಳಲ್ಲಿಯೂ ಸಂಚರಿಸಿ ಅನೇಕ ನೆಲೆಗಳನ್ನು ಗುರುತಿಸಿದರು.

ಫೂಟ್ ಅವರು ಕೇವಲ ಸಂಗ್ರಾಹಕರಾಗಿರಲಿಲ್ಲ. ನೆಲೆಗಳು ಎಲ್ಲಿವೆ ಎಂಬುದರೊಡನೆ ಅಲ್ಲಿಯೇ ಏಕಿವೆ ಎಂದೂ ಅವರು ಪ್ರಶ್ನಿಸಿದರು. ಕ್ವಾರ್ಟ್ಸೈಟ್ ಶಿಲೆ ದೊರೆಯುವ ಪ್ರದೇಶಗಳಲ್ಲಿಯೇ ಹಳೆಯ ಶಿಲಾಯುಗದ ಆಯುಧಗಳು ಹೆಚ್ಚಾಗಿ ಕಂಡುಬಂದುದರಿಂದ, ಆ ಬೇಟೆಗಾರರ ವಾಸವನ್ನು ಈ ಶಿಲೆಯ ಲಭ್ಯತೆಯೊಡನೆ ಸಂಬಂಧಿಸಿದರು. ನವಶಿಲಾಯುಗದ ಜನರಾದರೋ ಗ್ರಾನೈಟ್ ಬೆಟ್ಟಗಳನ್ನು ಆಶ್ರಯಿಸಿದ್ದರೆಂಬುದನ್ನೂ ಗಮನಿಸಿದರು.

1891ರಲ್ಲಿ ನಿವೃತ್ತರಾದ ಬಳಿಕ ಬರೋಡ ಸಂಸ್ಥಾನದಲ್ಲಿ ಸೇವೆ ಸಲ್ಲಿಸಿ, 1894ರಲ್ಲಿ ಸ್ಥಾಪಿತವಾದ ಮೈಸೂರಿನ ಭೂವಿಜ್ಞಾನ ಇಲಾಖೆಯ ಪ್ರಥಮ ಮುಖ್ಯಸ್ಥರಾದರು. 1904ರಲ್ಲಿ ಅವರ ಅಪಾರ ಸಂಗ್ರಹ ಮದರಾಸು ವಸ್ತುಸಂಗ್ರಹಾಲಯವನ್ನು ಸೇರಿತು. 1912ರಲ್ಲಿ ಅವರು ಕಲ್ಕತ್ತೆಯಲ್ಲಿ ನಿಧನರಾದರು. ಆ ಸಂಗ್ರಹದ ವಿವರಣಾತ್ಮಕ ಸಂಪುಟಗಳು 1914 ಮತ್ತು 1916ರಲ್ಲಿ, ಅವರ ಮರಣಾನಂತರ ಪ್ರಕಟವಾದವು.

ಫೂಟ್ ಅವರ ಊಹೆಗೆ ನಿಜವಾದ ಪರೀಕ್ಷೆ ಒದಗಿದುದು ಕನ್ನಡ ನೆಲದಲ್ಲಿಯೇ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು 1970ರ ದಶಕದಿಂದ ಸುರಪುರ ಸೀಮೆಯ ಹುಣಸಗಿ ಕಣಿವೆಯನ್ನು ಕ್ರಮಬದ್ಧವಾಗಿ ಶೋಧಿಸಿದರು. ಅಲ್ಲಿನ ಜನ ಮುಖ್ಯವಾಗಿ ಸುಣ್ಣಕಲ್ಲಿನಿಂದ ಕೈಕೊಡಲಿಗಳನ್ನು ಮಾಡಿದ್ದರು. 1990ರ ದಶಕದ ಕೊನೆಯಲ್ಲಿ ಆರಂಭವಾದ ಇಸಾಂಪುರದ ಉತ್ಖನನ ಅಂತಹ ಕಮ್ಮಟವೊಂದನ್ನೇ ಬೆಳಕಿಗೆ ತಂದಿತು. ಬೇಸಗೆಯಲ್ಲಿ ಬತ್ತದ ತೊರೆಗಳ ಬಳಿ ಗುಂಪುಗೂಡಿ, ಮಳೆಗಾಲದಲ್ಲಿ ಕಣಿವೆಯಲ್ಲೆಲ್ಲ ಚದುರುವ ಜೀವನಕ್ರಮ ಅವರದಾಗಿದ್ದಿರಬೇಕೆಂದು ಪದ್ದಯ್ಯ ಅವರು ನೆಲೆಗಳ ಹಂಚಿಕೆಯ ಆಧಾರದಿಂದ ಪ್ರತಿಪಾದಿಸಿದರು.

ಇದರಿಂದ ಫೂಟ್ ಅವರ ತೀರ್ಮಾನ ಭಾಗಶಃ ತಿದ್ದುಪಡಿಗೊಂಡಿತು: ಶಿಲೆ ಮುಖ್ಯವೇ ಸರಿ, ಆದರೆ ಅದು ಕ್ವಾರ್ಟ್ಸೈಟೇ ಆಗಬೇಕಿಲ್ಲ, ನೀರು ಮತ್ತು ಋತುಮಾನಗಳೂ ಅಷ್ಟೇ ನಿರ್ಣಾಯಕ. ಆದರೂ ನೆಲೆ, ಶಿಲೆ, ಆಯುಧಗಳನ್ನು ಒಟ್ಟಿಗೆ ದಾಖಲಿಸಿದ ಅವರ ವಿಧಾನದಿಂದಲೇ ಮುಂದಿನವರಿಗೆ ಅವರ ಊಹೆಯನ್ನು ಒರೆಗೆ ಹಚ್ಚುವುದು ಸಾಧ್ಯವಾಯಿತು. ವಿದ್ವಾಂಸನೊಬ್ಬನ ಹಿರಿಮೆ ಇರುವುದು ಇಂತಹ ಪರೀಕ್ಷೆಗೆ ಎಡೆಮಾಡಿಕೊಡುವುದರಲ್ಲಿಯೇ.