ಅಚ್ಚು ಬದಲಿಸುವ ವಿದ್ಯೆ ಕಲಿಸಿದ ಶಿಗೆಯೊ ಶಿಂಗೊ



ಪ್ರೆಸ್ ಎಂದ ಕೂಡಲೇ ನಿಮಗೆ ನೆನಪಾಗುವುದು ಮುದ್ರಣಾಲಯ, ಇಲ್ಲವೇ ಪತ್ರಿಕೆಯವರು. ಆದರೆ ಕಾರು ತಯಾರಿಸುವ ಕಾರ್ಖಾನೆಯಲ್ಲಿ ಪ್ರೆಸ್ ಎಂದರೆ ತಗಡು ಒತ್ತುವ ದೈತ್ಯ ಯಂತ್ರ. ಅದರಲ್ಲಿ ಮೇಲೊಂದು ಕೆಳಗೊಂದು ಉಕ್ಕಿನ ಅಚ್ಚು ಇರುತ್ತದೆ. ನಡುವೆ ತಗಡು ಇಟ್ಟು ಒತ್ತಿದರೆ ಕಾರಿನ ಬಾಗಿಲಿನ ಆಕಾರ ಮೂಡುತ್ತದೆ. ಈ ಅಚ್ಚಿಗೆ ಕಾರ್ಖಾನೆಯವರು ಡೈ ಎನ್ನುತ್ತಾರೆ. ಬಾಗಿಲು ಮುಗಿದು ಬಾನೆಟ್ ಬೇಕಾಯಿತೆನ್ನಿ. ಆಗ ಟನ್‌ಗಟ್ಟಲೆ ತೂಗುವ ಹಳೆಯ ಡೈ ಬಿಚ್ಚಿ, ಹೊಸದನ್ನು ಕ್ರೇನ್‌ನಿಂದ ತಂದು ಕೂರಿಸಿ, ಬಿಗಿದು, ಸರಿಯಾಗಿದೆಯೇ ಎಂದು ನೋಡಬೇಕು. ಅಷ್ಟು ಹೊತ್ತೂ ಯಂತ್ರ ಸುಮ್ಮನೆ ನಿಂತಿರುತ್ತದೆ.

1969ರಲ್ಲಿ ಜಪಾನಿನ ಟೊಯೊಟಾ ಕಾರ್ಖಾನೆಯ 1000 ಟನ್ ಪ್ರೆಸ್‌ನಲ್ಲಿ ಹೀಗೆ ಡೈ ಬದಲಿಸಲು ನಾಲ್ಕು ಗಂಟೆ ಬೇಕಾಗುತ್ತಿತ್ತು. ಒಂದು ವರ್ಷ ತುಂಬುವುದರೊಳಗೆ ಅದೇ ಕೆಲಸ ಮೂರು ನಿಮಿಷಕ್ಕೆ ಬಂತು. ಅದನ್ನು ಸಾಧ್ಯ ಮಾಡಿದವರಲ್ಲಿ ಮುಖ್ಯರು ಶಿಗೆಯೊ ಶಿಂಗೊ ಎಂಬ ಇಂಜಿನಿಯರ್. ನಾನು ಅವರನ್ನು ಇಂಜಿನಿಯರ್ ಎನ್ನುವುದಕ್ಕಿಂತ ಶಿಕ್ಷಕ ಎನ್ನಲು ಇಷ್ಟಪಡುತ್ತೇನೆ. ಯಾಕೆಂದು ಮುಂದೆ ಓದಿದರೆ ನಿಮಗೇ ತಿಳಿಯುತ್ತದೆ.

ಶಿಂಗೊ ಹುಟ್ಟಿದ್ದು 1909ರ ಜನವರಿ 8ರಂದು, ಜಪಾನಿನ ದಕ್ಷಿಣ ಭಾಗದ ಕ್ಯೂಷೂ ದ್ವೀಪದ ಸಾಗಾ ಪಟ್ಟಣದಲ್ಲಿ. ಸಾಗಾದ ತಾಂತ್ರಿಕ ಶಾಲೆಯಲ್ಲಿ ಓದುತ್ತಿದ್ದಾಗ, ಲಾಭವಿಲ್ಲದ ದುಡಿಮೆಯನ್ನು ತೆಗೆದುಹಾಕುವುದು ಹೇಗೆಂದು ತಿಳಿಸುವ ಪುಸ್ತಕವೊಂದು ಅವರ ಕೈಗೆ ಸಿಕ್ಕಿತು. ಮನುಷ್ಯ ಮೈಮುರಿದು ದುಡಿಯುತ್ತಿರುವಾಗಲೂ ಆ ದುಡಿಮೆಯ ಒಂದು ಪಾಲು ಯಾರಿಗೂ ಉಪಯೋಗವಾಗದೆ ಹೋಗಬಹುದು ಎಂಬ ವಿಚಾರ ಆ ವಯಸ್ಸಿನಲ್ಲೇ ಅವರ ತಲೆಗೆ ಹೊಕ್ಕಿತು. ಮುಂದೆ ಯಾಮಾನಾಶಿಯ ತಾಂತ್ರಿಕ ಕಾಲೇಜಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, 1930ರಲ್ಲಿ ಪದವಿ ಪಡೆದು, ಆಗ ಜಪಾನಿನ ಆಳ್ವಿಕೆಯಲ್ಲಿದ್ದ ತೈವಾನಿನ ತೈಪೆ ರೈಲ್ವೆ ಕಾರ್ಖಾನೆಗೆ ಸೇರಿದರು. ಮರುವರ್ಷವೇ ಅಮೆರಿಕದ ಫ್ರೆಡರಿಕ್ ಟೇಲರ್ ಬರೆದ ವೈಜ್ಞಾನಿಕ ನಿರ್ವಹಣೆಯ ಪುಸ್ತಕ ಓದಿದರು. ಕೆಲಸವನ್ನು ನಿಂತು ನೋಡುವುದು, ಅಳೆಯುವುದು, ಬಿಡಿಸಿ ಬರೆಯುವುದು ಅವರ ಜೀವನದ ವೃತ್ತಿಯಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೊಕೊಹಾಮಾದ ಕಾರ್ಖಾನೆಯೊಂದರಲ್ಲಿ ದುಡಿದು, ಯುದ್ಧ ಮುಗಿದ ಮೇಲೆ ಜಪಾನ್ ಮ್ಯಾನೇಜ್‌ಮೆಂಟ್ ಅಸೋಸಿಯೇಷನ್ ಎಂಬ ಸಂಸ್ಥೆಗೆ ಸಲಹೆಗಾರರಾಗಿ ಬಂದರು.

ಈಗ ಮುಖ್ಯ ವಿಷಯಕ್ಕೆ ಬರೋಣ. 1950ರಲ್ಲಿ ಹಿರೋಷಿಮಾದ ಟೊಯೊ ಕೊಗ್ಯೊ ಕಂಪನಿ ಅವರನ್ನು ಕರೆಸಿತು. ಇಂದು ಮಾಜ್ದಾ ಎಂಬ ಹೆಸರಿನ ಕಾರು ಮಾಡುವ ಕಂಪನಿಯೇ ಅದು. ಅಲ್ಲಿ 350, 750 ಮತ್ತು 800 ಟನ್ನಿನ ಮೂರು ದೊಡ್ಡ ಪ್ರೆಸ್‌ಗಳಿದ್ದವು. ಇಡೀ ಕಾರ್ಖಾನೆಯ ಕೆಲಸ ಆ ಮೂರರ ಹತ್ತಿರ ಬಂದು ಸಿಕ್ಕಿಹಾಕಿಕೊಳ್ಳುತ್ತಿತ್ತು. ಒಂದು ವಾರ ನಿಂತು ನೋಡುತ್ತೇನೆ ಎಂದು ಶಿಂಗೊ ಕೇಳಿದರು. ಅದು ಸಮಯ ಹಾಳು ಮಾಡುವ ಕೆಲಸ ಎಂದು ವಿಭಾಗದ ಮುಖ್ಯಸ್ಥರಿಗೆ ಅನಿಸಿತು. ಅವರನ್ನು ಒಪ್ಪಿಸಿ ಶಿಂಗೊ ನಿಂತರು.

ಮೂರನೆಯ ದಿನ 800 ಟನ್ ಪ್ರೆಸ್‌ನ ಡೈ ಬದಲಾವಣೆ ಬಂತು. ಹಳೆಯ ಡೈ ಬಿಚ್ಚಿ ಇಳಿಸಿದ ಮೇಲೆ ಕೆಲಸಗಾರನೊಬ್ಬ ಅತ್ತಿತ್ತ ಓಡಾಡತೊಡಗಿದ. ಹೊಸ ಡೈಯನ್ನು ಬಿಗಿಯಬೇಕಾದ ಒಂದು ಬೋಲ್ಟು ಕಾಣಿಸುತ್ತಿರಲಿಲ್ಲ. ಒಂದು ಗಂಟೆಗೂ ಹೆಚ್ಚು ಕಾಲ ಹುಡುಕಿ, ಕೊನೆಗೆ ಪಕ್ಕದ ಯಂತ್ರದ ಉದ್ದನೆಯ ಬೋಲ್ಟೊಂದನ್ನು ತಂದು, ಬೇಕಾದಷ್ಟಕ್ಕೆ ಕತ್ತರಿಸಿ, ಮರೆ ಹಾಕಿ, ಬೆವರು ಒರೆಸಿಕೊಳ್ಳುತ್ತ ಬಂದು ಬಿಗಿದ. ನಾಳೆ ಆ ಪಕ್ಕದ ಯಂತ್ರದ ಗತಿ ಏನು ಎಂಬ ಪ್ರಶ್ನೆ ಶಿಂಗೊ ಅವರಿಗೆ ಬಂತು. ನೀವೇ ಯೋಚಿಸಿ, ಆ ಕೆಲಸಗಾರ ಸೋಮಾರಿಯೇ? ಖಂಡಿತ ಅಲ್ಲ. ಅಂದು ಇಡೀ ವಿಭಾಗದಲ್ಲಿ ಅವನಷ್ಟು ಓಡಾಡಿದವರು ಬೇರೆ ಯಾರೂ ಇರಲಿಕ್ಕಿಲ್ಲ. ಆದರೆ 800 ಟನ್ನಿನ ಯಂತ್ರ ಒಂದು ಬೋಲ್ಟಿಗಾಗಿ ಕಾದು ನಿಂತಿತ್ತು.

ಅಲ್ಲಿ ಶಿಂಗೊ ಕಂಡುಕೊಂಡದ್ದು ತುಂಬ ಸರಳವಾದ ವಿಷಯ. ಸಿದ್ಧತೆಯಲ್ಲಿ ಎರಡು ಜಾತಿ. ಯಂತ್ರ ನಿಂತಾಗ ಮಾತ್ರ ಮಾಡಬಹುದಾದದ್ದು ಒಂದು. ಅದನ್ನು ಒಳ ಸಿದ್ಧತೆ ಎನ್ನೋಣ. ಯಂತ್ರ ಓಡುತ್ತಿರುವಾಗಲೇ ಮಾಡಬಹುದಾದದ್ದು ಇನ್ನೊಂದು. ಅದು ಹೊರ ಸಿದ್ಧತೆ. ಡೈ ಬಿಚ್ಚುವುದು, ಕೂರಿಸುವುದು ಒಳಗಿನದು. ಬೋಲ್ಟು, ಸ್ಪ್ಯಾನರ್ ಹೊಂದಿಸಿಡುವುದು, ಮುಂದಿನ ಡೈಯನ್ನು ಹತ್ತಿರ ತಂದಿಡುವುದು ಹೊರಗಿನದು. ಇವೆರಡನ್ನೂ ಕಲಸಿಬಿಟ್ಟಿದ್ದೇ ತೊಂದರೆಯ ಮೂಲ. ಪ್ರತಿ ಡೈಗೂ ಬೇಕಾದ ಬೋಲ್ಟುಗಳನ್ನು ವಿಂಗಡಿಸಿ ಪೆಟ್ಟಿಗೆಗಳಲ್ಲಿ ಇಡುವ ಪದ್ಧತಿ ಬಂತು. ಅಷ್ಟಕ್ಕೇ ಆ ಪ್ರೆಸ್‌ಗಳ ದಕ್ಷತೆ ಸುಮಾರು ಶೇ. 50ರಷ್ಟು ಏರಿತು.

ನಮ್ಮ ಕಡೆ ಮದುವೆಗೆ ಅಡುಗೆ ಮಾಡುವ ಬಾವರ್ಚಿಯನ್ನು ನೀವು ನೋಡಿರುತ್ತೀರಿ. ಒಲೆಗೆ ಬೆಂಕಿ ಹಚ್ಚುವ ಮೊದಲೇ ಈರುಳ್ಳಿ ಹೆಚ್ಚಿರುತ್ತದೆ, ಅಕ್ಕಿ ನೆನೆದಿರುತ್ತದೆ, ಮಸಾಲೆ ಅಳತೆಯಾಗಿ ತಟ್ಟೆಯಲ್ಲಿ ಕೂತಿರುತ್ತದೆ. ದೇಗು ಒಲೆಯ ಮೇಲಿರುವಾಗ ಅವನು ಉಪ್ಪು ಹುಡುಕುವುದಿಲ್ಲ. ಶಿಂಗೊ ಕಾರ್ಖಾನೆಗೆ ತಂದದ್ದು ಇದೇ ವಿವೇಕ. ತರಗತಿಯ ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಸೀಮೆಸುಣ್ಣ, ಹಾಜರಿ, ನಕಾಶೆ ಹುಡುಕುವುದಕ್ಕೆ ಎಷ್ಟು ಹೋಗುತ್ತದೆ ಎಂಬ ಲೆಕ್ಕ ನನ್ನ ಶಿಕ್ಷಕ ಮಿತ್ರರಿಗೆ ಬಿಟ್ಟದ್ದು.

1957ರಲ್ಲಿ ಮಿತ್ಸುಬಿಷಿಯ ಹಿರೋಷಿಮಾ ಹಡಗು ಕಾರ್ಖಾನೆಯಲ್ಲಿ ಇನ್ನೊಂದು ಪಾಠವಾಯಿತು. ಡೀಸೆಲ್ ಇಂಜಿನ್ನಿನ ತಳವನ್ನು ದೊಡ್ಡ ಪ್ಲೇನರ್ ಯಂತ್ರದ ಮೇಲಿಟ್ಟು, ಅಲ್ಲೇ ಅಳತೆ ಗುರುತು ಹಾಕುತ್ತಿದ್ದರು. ಎರಡನೆಯ ಮೇಜೊಂದನ್ನು ಮಾಡಿಸಿ, ಮುಂದಿನ ತಳವನ್ನು ಮೊದಲೇ ಅದರ ಮೇಲೆ ಸರಿಮಾಡಿಟ್ಟುಕೊಂಡು, ಮೇಜಿನ ಸಮೇತ ಬದಲಿಸುವ ಏರ್ಪಾಡಾಯಿತು. ಉತ್ಪಾದನೆ ಶೇ. 40ರಷ್ಟು ಹೆಚ್ಚಿತು. ಒಳಗಿನ ಕೆಲಸವನ್ನೂ ಹೊರಕ್ಕೆ ಸಾಗಿಸಬಹುದು ಎಂಬ ದೊಡ್ಡ ತತ್ವ ಇದರಲ್ಲೇ ಅಡಗಿತ್ತು. ಅದನ್ನು ಆಗಲೇ ಗುರುತಿಸಿದ್ದರೆ ತಮ್ಮ ಪದ್ಧತಿ ಹನ್ನೆರಡು ವರ್ಷ ಮೊದಲೇ ಹುಟ್ಟುತ್ತಿತ್ತೆಂದು ಶಿಂಗೊ ಮುಂದೆ ತಮ್ಮ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ.

ಇಷ್ಟರಲ್ಲಿ ಅವರು ಟೊಯೊಟಾಕ್ಕೂ ಹೋಗಿಬರುತ್ತಿದ್ದರು. 1955ರಿಂದ ಅಲ್ಲಿ ಉತ್ಪಾದನಾ ತರಬೇತಿ ತರಗತಿಗಳನ್ನು ನಡೆಸಿದರು. ಸುಮಾರು ಇಪ್ಪತ್ತೈದು ವರ್ಷಗಳಲ್ಲಿ ಅವರಿಂದ ಕಲಿತವರ ಸಂಖ್ಯೆ 3,000ದಷ್ಟು. ತರಗತಿಯಲ್ಲಿ ಕೇಳಿದ್ದನ್ನು ಕಾರ್ಖಾನೆಯ ನೆಲದ ಮೇಲೆ ಮಾಡಿ ನೋಡಬೇಕು ಎಂಬುದು ಅವರ ಪಟ್ಟು. 1959ರಲ್ಲಿ ತಮ್ಮದೇ ಸಲಹಾ ಸಂಸ್ಥೆ ತೆರೆದ ಮೇಲೂ ಈ ಪಾಠ ನಿಲ್ಲಲಿಲ್ಲ.

1969ಕ್ಕೆ ಬರೋಣ. 1000 ಟನ್ ಪ್ರೆಸ್‌ಗೆ ಟೊಯೊಟಾದಲ್ಲಿ ನಾಲ್ಕು ಗಂಟೆ ಬೇಕಿದ್ದಾಗ ಜರ್ಮನಿಯ ಫೋಕ್ಸ್‌ವಾಗನ್ ಎರಡೇ ಗಂಟೆಯಲ್ಲಿ ಮಾಡುತ್ತಿತ್ತು. ಜರ್ಮನಿಯನ್ನು ಹಿಂದಿಕ್ಕಬೇಕೆಂದು ಆಡಳಿತದವರ ಆಸೆ. ಫೋರ್ಮನ್ ಮತ್ತು ಕೆಲಸಗಾರರ ಜತೆ ಕುಳಿತು, ಒಳಗಿನದನ್ನೂ ಹೊರಗಿನದನ್ನೂ ಬೇರ್ಪಡಿಸಿ, ಆರು ತಿಂಗಳಲ್ಲಿ 90 ನಿಮಿಷಕ್ಕೆ ಇಳಿಸಿದರು. ಎಲ್ಲರೂ ಸಂತೋಷದಲ್ಲಿದ್ದರು. ಮುಂದಿನ ಭೇಟಿಗೆ ಹೋದಾಗ ಹೊಸ ಆಜ್ಞೆ ಕಾದಿತ್ತು. ಮೂರು ನಿಮಿಷದೊಳಗೆ ಆಗಬೇಕು! ಶಿಂಗೊ ಮೊದಲು ದಂಗಾದರು. ಆಮೇಲೆ ಹಡಗು ಕಾರ್ಖಾನೆಯ ಎರಡನೆಯ ಮೇಜು ನೆನಪಾಗಿ, ಸಮಯ ಇಳಿಸುವ ಎಂಟು ಉಪಾಯಗಳನ್ನು ಕಪ್ಪು ಹಲಗೆಯ ಮೇಲೆ ಬರೆದರು. ಮೂರು ತಿಂಗಳಲ್ಲಿ ಮೂರು ನಿಮಿಷ ಸಾಧ್ಯವಾಯಿತು.

ಆ ಉಪಾಯಗಳಲ್ಲಿ ಕೆಲವನ್ನಾದರೂ ಐಟಿಐ, ಡಿಪ್ಲೊಮಾ ಓದುವ ವಿದ್ಯಾರ್ಥಿಗಳು ಗಮನಿಸಬೇಕು. ಹದಿನೈದು ಮರೆಯ ಬೋಲ್ಟನ್ನು ಹದಿನೈದು ಸುತ್ತು ತಿರುಗಿಸುತ್ತೇವೆ. ನಿಜವಾಗಿ ಬಿಗಿಯುವುದು ಕೊನೆಯ ಸುತ್ತು, ಸಡಿಲಿಸುವುದು ಮೊದಲ ಸುತ್ತು. ಮಿಕ್ಕದ್ದೆಲ್ಲ ಬರಿಯ ಕೈನೋವು. ಹಾಗಾಗಿ ಬಾಯಿ ತೆರೆದ ವಾಷರ್, ಪೇರಳೆ ಹಣ್ಣಿನ ಆಕಾರದ ತೂತು ಬಂದವು. ನಟ್ಟನ್ನು ಪೂರ್ತಿ ಬಿಚ್ಚದೆ ಒಂದೇ ತಿರುವಿಗೆ ಕೆಲಸ ಮುಗಿಯುತ್ತದೆ. ಬೇರೆ ಬೇರೆ ಎತ್ತರದ ಡೈಗಳಿಗೆ ಅಡಿಯಲ್ಲಿ ಪ್ಯಾಕಿಂಗ್ ಕೊಟ್ಟು ಒಂದೇ ಎತ್ತರ ಮಾಡಿದರೆ ಪ್ರತಿಸಲ ಹೊಂದಿಸುವ ಗೋಜಿಲ್ಲ. ದೊಡ್ಡ ಪ್ರೆಸ್‌ನ ಮುಂದೆ ಒಬ್ಬ, ಹಿಂದೆ ಒಬ್ಬ ನಿಂತರೆ ಸುತ್ತು ಹಾಕಿ ನಡೆಯುವುದು ತಪ್ಪುತ್ತದೆ. ಆದರೆ ಒಬ್ಬ ಮುಗಿಸಿದ್ದು ಇನ್ನೊಬ್ಬನಿಗೆ ತಿಳಿಯದೆ ಯಂತ್ರ ಚಾಲೂ ಆದರೆ ಕೈ ಹೋದೀತು. ಅದಕ್ಕೆ ಬಜರ್ ಸಂಕೇತ ಇರಲೇಬೇಕು.

ಹಳೆಯ ರೀತಿಯ ಡೈ ಬದಲಾವಣೆಯಲ್ಲಿ ಸಮಯ ಎಲ್ಲಿ ಹೋಗುತ್ತದೆಂದು ಶಿಂಗೊ ಲೆಕ್ಕ ಹಾಕಿದ್ದರು. ಬಿಚ್ಚಿ ಕೂರಿಸುವುದಕ್ಕೆ ಬರೀ ಶೇ. 5. ಸಾಮಾನು ಹೊಂದಿಸಲು ಶೇ. 30, ಮಧ್ಯಬಿಂದು ಮತ್ತು ಅಳತೆ ಸರಿಮಾಡಲು ಶೇ. 15, ಆಮೇಲೆ ಒತ್ತಿ ನೋಡಿ ತಿದ್ದಿ ಮತ್ತೆ ಒತ್ತಿ ನೋಡುವುದಕ್ಕೆ ಶೇ. 50. ಕೈಚಳಕ ಬೇಕೆಂದು ನಾವು ತಿಳಿದ ಭಾಗ ಎಷ್ಟು ಚಿಕ್ಕದು ನೋಡಿ!

ತಂಡಕ್ಕೆ ಇದನ್ನು ಕಲಿಸಲು ಅವರು ಹೇಳಿದ ಕ್ರಮವೂ ಶಿಕ್ಷಕರಿಗೆ ಮೆಚ್ಚುಗೆಯಾಗುವಂಥದ್ದು. ಡೈ ಬದಲಾವಣೆಯನ್ನು ಪೂರ್ತಿ ವಿಡಿಯೊ ತೆಗೆದು, ಮುಗಿದ ಕೂಡಲೇ ಅದೇ ಕೆಲಸಗಾರರಿಗೆ ತೋರಿಸಬೇಕು. ಮೇಲಿನವರು ಬಂದು ಬೈಯುವ ಅಗತ್ಯವೇ ಬರುವುದಿಲ್ಲ. ತಾನು ಎಷ್ಟು ಬಾರಿ ಸ್ಟೋರ್ ರೂಮಿಗೆ ನಡೆದೆ ಎಂಬುದು ಕೆಲಸಗಾರನ ಕಣ್ಣಿಗೇ ಬೀಳುತ್ತದೆ, ಉಪಾಯವೂ ಅವನ ಬಾಯಿಂದಲೇ ಬರುತ್ತದೆ. ವಿಡಿಯೊ ಬದಲು ಸ್ಟಾಪ್‌ವಾಚ್ ಹಿಡಿದು ಬೇಗ ಬೇಗ ಎಂದು ಕೂಗುವವರು ಶಿಂಗೊ ಅವರ ಹೆಸರು ಹೇಳುವುದಕ್ಕೆ ಅರ್ಹರಲ್ಲ ಎಂಬುದು ನನ್ನ ಅಭಿಪ್ರಾಯ.

ಸಮಯ ಉಳಿದರೆ ಏನು ಲಾಭ ಎಂದು ಕೇಳುತ್ತೀರಾ? ಒಂದು ಸಣ್ಣ ಲೆಕ್ಕ ಮಾಡಿ. ನಾಲ್ಕು ಗಂಟೆ ಎಂದರೆ 240 ನಿಮಿಷ. 100 ಬಾಗಿಲು ಮಾತ್ರ ಒತ್ತಿದರೆ ಒಂದೊಂದರ ಮೇಲೂ 144 ಸೆಕೆಂಡಿನ ಹೊರೆ ಬೀಳುತ್ತದೆ. 1,000 ಒತ್ತಿದರೆ ಅದು 14.4 ಸೆಕೆಂಡ್. ಅದಕ್ಕಾಗಿ ಬೇಕಿರಲಿ ಬೇಡದಿರಲಿ ಸಾವಿರಗಟ್ಟಲೆ ಒತ್ತಿ ಗೋದಾಮಿನಲ್ಲಿ ತುಂಬುತ್ತಿದ್ದರು. ತುಕ್ಕು, ಜಾಗದ ಬಾಡಿಗೆ, ಹಾಕಿದ ಹಣಕ್ಕೆ ಬಡ್ಡಿ ಎಲ್ಲ ಅದರ ಹಿಂದೆ ಬರುತ್ತಿತ್ತು. ಮೂರೇ ನಿಮಿಷವಾದರೆ 100 ಬಾಗಿಲಿಗೂ ತಲಾ 1.8 ಸೆಕೆಂಡ್ ಮಾತ್ರ. ಬೇಕಾದಾಗ ಬೇಕಾದಷ್ಟು ಮಾಡಬಹುದು. ಕಡಿಮೆ ಬಂಡವಾಳದ ಚಿಕ್ಕ ಕಾರ್ಖಾನೆಗೂ ಉಸಿರಾಡಲು ಅವಕಾಶ ಸಿಗುತ್ತದೆ. ಈ ಪದ್ಧತಿಗೆ ಸಿಂಗಲ್ ಮಿನಿಟ್ ಎಕ್ಸ್‌ಚೇಂಜ್ ಆಫ್ ಡೈ, ಚಿಕ್ಕದಾಗಿ ಸ್ಮೆಡ್ ಎಂದು ಹೆಸರು. ಸಿಂಗಲ್ ಎಂದರೆ ಒಂದು ನಿಮಿಷ ಎಂದು ಹಲವರು ತಪ್ಪು ತಿಳಿಯುತ್ತಾರೆ. ಒಂದೇ ಅಂಕಿಯ ನಿಮಿಷ, ಅಂದರೆ ಹತ್ತಕ್ಕಿಂತ ಕಡಿಮೆ ಎಂದು ಅರ್ಥ.

ಕೀರ್ತಿಯ ವಿಷಯದಲ್ಲಿ ಒಂದು ಮಾತು. ಟೊಯೊಟಾ ಪದ್ಧತಿಯನ್ನೇ ಶಿಂಗೊ ಕಂಡುಹಿಡಿದರು ಎಂದು ಕೆಲವು ಕಡೆ ಬರೆದದ್ದಿದೆ. ಅದು ಸರಿಯಲ್ಲ. ಆ ಪದ್ಧತಿಯ ಮುಖ್ಯ ಶಿಲ್ಪಿ ತಾಯಿಚಿ ಓನೊ. ಶಿಂಗೊ ಅಲ್ಲಿನ ನೌಕರರೂ ಆಗಿರಲಿಲ್ಲ, ಹೊರಗಿನ ಸಲಹೆಗಾರರು. ಡೈ ಬದಲಾವಣೆಯ ಸಮಯ ಇಳಿಸುವ ಪ್ರಯತ್ನ ಅವರಿಗಿಂತ ಮುಂಚೆಯೇ ಟೊಯೊಟಾದ ಕೆಲಸಗಾರರಲ್ಲಿ ನಡೆದಿತ್ತು. ಅದನ್ನು ಯಾರು ಬೇಕಾದರೂ ಕಲಿಯುವಂತೆ ಕ್ರಮಕ್ಕೆ ತಂದು ಬರೆದಿಟ್ಟದ್ದು ಶಿಂಗೊ. ಅದೇನು ಸಣ್ಣ ಕೆಲಸವಲ್ಲ.

ಇನ್ನೊಂದು ಪ್ರಸಂಗ ಹೇಳದೆ ಇರಲಾರೆ. ಜೋಡಣೆಯಲ್ಲಿ ತಪ್ಪಾಗದಂತೆ ತಡೆಯುವ ಚಿಕ್ಕ ಚಿಕ್ಕ ಸಾಧನಗಳನ್ನೂ ಶಿಂಗೊ ಬಳಕೆಗೆ ತಂದಿದ್ದರು. ಮೊದಲು ಅವಕ್ಕೆ ಜಪಾನಿ ಭಾಷೆಯಲ್ಲಿ ಬಾಕಾಯೊಕೆ, ಅಂದರೆ ದಡ್ಡರ ತಡೆ ಎಂಬ ಹೆಸರಿತ್ತು. 1963ರಲ್ಲಿ ಅರಾಕಾವಾ ಕಾರ್ಖಾನೆಯಲ್ಲಿ ಆ ಹೆಸರು ಕೇಳಿದ ಹೆಣ್ಣುಮಗಳೊಬ್ಬಳು ತನ್ನನ್ನು ದಡ್ಡಿ ಎಂದರೆಂದು ಅತ್ತುಬಿಟ್ಟಳು. ವಿಷಯ ತಿಳಿದ ಶಿಂಗೊ ಹೆಸರನ್ನೇ ಬದಲಿಸಿದರು. ಪೊಕಾಯೊಕೆ, ಅಂದರೆ ಅಚಾತುರ್ಯದ ತಡೆ. ಇಂದು ಜಗತ್ತಿನ ಕಾರ್ಖಾನೆಗಳಲ್ಲೆಲ್ಲ ಆ ಎರಡನೆಯ ಹೆಸರೇ ನಡೆಯುತ್ತಿದೆ.

ನಮ್ಮ ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ 1999ರ ಡಿಸೆಂಬರಿನಲ್ಲಿ ಕಾರು ಮಾಡತೊಡಗಿತು. 2007ರಲ್ಲಿ ಅಲ್ಲಿ ಹಳ್ಳಿಯ ಬಡ ಮಕ್ಕಳಿಗಾಗಿ ತರಬೇತಿ ಸಂಸ್ಥೆಯೂ ಶುರುವಾಯಿತು. ಎಸ್ಸೆಸ್ಸೆಲ್ಸಿ ಮುಗಿಸಿ ಫಿಟ್ಟರ್, ವೆಲ್ಡರ್ ಆಗಹೊರಟ ನಮ್ಮ ಹುಡುಗರಿಗೆ ಒಳ ಸಿದ್ಧತೆ, ಹೊರ ಸಿದ್ಧತೆ ಎಂಬ ಮಾತು ಮೊದಲೇ ಗೊತ್ತಿದ್ದರೆ ಸಂದರ್ಶನದಲ್ಲೂ ಉಪಯೋಗ, ಕೆಲಸದಲ್ಲೂ ಉಪಯೋಗ.

ಇಳಿವಯಸ್ಸಿನಲ್ಲಿ ಶಿಂಗೊ ಅಮೆರಿಕ, ಯುರೋಪುಗಳ ಕಾರ್ಖಾನೆಗಳಿಗೂ ಹೋಗಿ ಕಲಿಸಿದರು. ಡೈ ಬದಲಾವಣೆಯ ಪುಸ್ತಕ 1985ರಲ್ಲಿ ಇಂಗ್ಲಿಷಿನಲ್ಲಿ ಬಂತು. 1988ರಲ್ಲಿ ಅಮೆರಿಕದ ಯೂಟಾ ಸ್ಟೇಟ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿ, ಅವರ ಹೆಸರಿನಲ್ಲೇ ಪ್ರಶಸ್ತಿಯನ್ನು ಆರಂಭಿಸಿತು. 1990ರ ಮೇ ತಿಂಗಳಲ್ಲಿ ಓನೊ ತೀರಿಕೊಂಡರು. ಅದೇ ವರ್ಷ ನವೆಂಬರ್ 14ರಂದು ಶಿಂಗೊ ಅವರೂ ಹೋದರು. ಆಗ ಅವರಿಗೆ 81 ವರ್ಷ.