ದ್ವೀಪವಾಸಿಗಳಿಗೆ ಬಿತ್ತನೆಬೀಜ ನೀಡಿದ ಕ್ಲಾರಾ ಬಾರ್ಟನ್

ನೆರೆ, ಬಿರುಗಾಳಿಗಳ ಸುದ್ದಿ ಬಂದಾಗಲೆಲ್ಲ ನಮ್ಮ ಧರ್ಮಕೇಂದ್ರಗಳಲ್ಲಿ ಅಕ್ಕಿ, ಬಟ್ಟೆಬರೆ, ಹಣ ಸಂಗ್ರಹವಾಗುತ್ತವೆ. ಕೊಡುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಆದರೆ ಕೊಟ್ಟದ್ದು ಪಡೆದವನನ್ನು ಯಾವ ಸ್ಥಿತಿಯಲ್ಲಿ ಬಿಡುತ್ತದೆ ಎಂದು ನಾವು ಕೇಳಿಕೊಳ್ಳುವುದು ಅಪರೂಪ. ಈ ಪ್ರಶ್ನೆಗೆ ತಮ್ಮ ಸೇವೆಯ ಮೂಲಕವೇ ಉತ್ತರ ಹುಡುಕಿದವರು ಕ್ಲಾರಾ ಬಾರ್ಟನ್.

1821ರ ಕ್ರಿಸ್‌ಮಸ್ ದಿನದಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಜನಿಸಿದ ಇವರು ಐವರು ಮಕ್ಕಳಲ್ಲಿ ಕೊನೆಯವರು. ಬಾಲ್ಯದಲ್ಲಿ ಅತಿ ಸಂಕೋಚ ಸ್ವಭಾವ. ಹನ್ನೊಂದರ ವಯಸ್ಸಿನಲ್ಲಿ, ಕೊಟ್ಟಿಗೆಯ ಮಾಡಿನಿಂದ ಬಿದ್ದು ಹಾಸಿಗೆ ಹಿಡಿದ ಅಣ್ಣನ ಶುಶ್ರೂಷೆಯನ್ನು ಎರಡು ವರ್ಷ ಮಾಡಿದರು. ಮುಂದೆ ಶಿಕ್ಷಕಿಯಾದರು. 1852ರಲ್ಲಿ ಬೋರ್ಡನ್‌ಟೌನ್‌ನಲ್ಲಿ ಬಡಮಕ್ಕಳಿಗೂ ತೆರೆದಿದ್ದ ಉಚಿತ ಶಾಲೆಯನ್ನು ಕಟ್ಟಿ ಬೆಳೆಸಿದರು. ಶಾಲೆ ದೊಡ್ಡದಾದಾಗ ಮುಖ್ಯಸ್ಥನ ಹುದ್ದೆ ಒಬ್ಬ ಗಂಡಸಿಗೆ ಹೋಯಿತು. ಬಾರ್ಟನ್ ಶಾಲೆಯನ್ನು ತೊರೆದರು. ಅಂತರ್ಯುದ್ಧದ ಕಾಲದಲ್ಲಿ ಔಷಧ, ಆಹಾರ ತುಂಬಿದ ಬಂಡಿಗಳೊಂದಿಗೆ ರಣರಂಗಕ್ಕೇ ನಡೆದರು. 1881ರಲ್ಲಿ ಅಮೆರಿಕದ ರೆಡ್‌ಕ್ರಾಸ್ ಸಂಸ್ಥೆಯನ್ನು ಸ್ಥಾಪಿಸಿ, ಯುದ್ಧವಿಲ್ಲದ ಕಾಲದ ಪ್ರಕೃತಿ ವಿಕೋಪಗಳಲ್ಲಿಯೂ ಅದು ನೆರವಾಗಬೇಕೆಂದು ಹಟ ಹಿಡಿದರು.

ಆ ಹಟಕ್ಕೆ ಕಠಿಣ ಪರೀಕ್ಷೆ 1893ರಲ್ಲಿ ಎದುರಾಯಿತು. ಆಗಸ್ಟ್ 27ರ ರಾತ್ರಿ ದಕ್ಷಿಣ ಕೆರೊಲಿನಾದ ಕರಾವಳಿಯ ದ್ವೀಪಗಳ ಮೇಲೆ ಚಂಡಮಾರುತ ಎರಗಿತು. ಸಮುದ್ರವೇ ಉಕ್ಕಿ ಮನೆಗಳ ಮೇಲೆ ಹಾಯಿತು. ಸತ್ತವರು ಎರಡು ಸಾವಿರದಷ್ಟು ಎಂದು ಅಂದಾಜು; ನಿರ್ಗತಿಕರಾದವರು ಸುಮಾರು 30,000. ಅವರಲ್ಲಿ ಬಹುಪಾಲು ಜನ ದಾಸ್ಯದಿಂದ ಬಿಡುಗಡೆ ಹೊಂದಿದ ಕರಿಯರು, ತುಂಡು ಭೂಮಿಯಲ್ಲಿ ಬೆಳೆದು ಬದುಕುತ್ತಿದ್ದವರು. ಬೆಳೆ ನಾಶವಾಯಿತು, ಬಾವಿಗಳಿಗೆ ಉಪ್ಪುನೀರು ನುಗ್ಗಿತು.

ಎಪ್ಪತ್ತೊಂದರ ಬಾರ್ಟನ್ ಬ್ಯೂಫರ್ಟ್ ಪಟ್ಟಣದಲ್ಲಿ ನೆಲೆಸಿ, ಅಕ್ಟೋಬರ್‌ನಲ್ಲಿ ಪರಿಹಾರದ ಹೊಣೆ ವಹಿಸಿಕೊಂಡರು. ಸರ್ಕಾರ ಹಣ ಮಂಜೂರು ಮಾಡಲಿಲ್ಲ. ಜನರಿಂದ ಬಂದ ದೇಣಿಗೆ ಸುಮಾರು 30,000 ಡಾಲರ್. ಅಂದರೆ ತಲೆಗೆ ಒಂದು ಡಾಲರ್! ಅದರಲ್ಲಿ ಚಳಿಗಾಲವನ್ನು ದಾಟಿ ಹೊಸ ಬೆಳೆಯವರೆಗೆ ಬದುಕಿಸಬೇಕು. ಮೊದಲ ವಾರಗಳಲ್ಲೇ ಧಾರಾಳವಾಗಿ ಹಂಚಿದ್ದರೆ ಹೊಗಳಿಕೆ ಸಿಗುತ್ತಿತ್ತು; ಆದರೆ ಫೆಬ್ರವರಿಯಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ಆದ್ದರಿಂದ ಒಂದು ಕುಟುಂಬಕ್ಕೆ ವಾರಕ್ಕೆ ಸುಮಾರು 9 ಲೀಟರ್ ಅಳತೆಯ ಮುಸುಕಿನ ಜೋಳದ ನುಚ್ಚು ಮತ್ತು ಒಂದು ಪೌಂಡು ಹಂದಿಮಾಂಸ, ಇಷ್ಟೇ ಪಡಿ ಎಂದು ನಿಗದಿಪಡಿಸಿದರು. ನಿಂತ ನೀರನ್ನು ಹರಿಸುವ ಕಾಲುವೆಗಳನ್ನು ತೋಡಿದವರಿಗೆ ಹೆಚ್ಚಿನ ಪಡಿ ದೊರೆಯಿತು. ದೂರದಿಂದ ಬಂದ ಹಳೆಯ ಬಟ್ಟೆಗಳನ್ನು ಹೆಂಗಸರು ಹೊಲಿಗೆ ಕೂಟಗಳಲ್ಲಿ ಸರಿಪಡಿಸಿದರು. ವಸಂತ ಬಂದಾಗ ಆಲೂಗಡ್ಡೆ, ತರಕಾರಿಗಳ ಬಿತ್ತನೆಬೀಜ ಮನೆಮನೆಗೂ ತಲಪಿತು. ಸುಮಾರು ಹತ್ತು ತಿಂಗಳ ನಂತರ, 1894ರ ಬೇಸಿಗೆಯಲ್ಲಿ, ದ್ವೀಪವಾಸಿಗಳ ಹೊಲಗಳು ಹಸಿರಾಗಿರುವಾಗ ಬಾರ್ಟನ್ ಹೊರಟುಹೋದರು.

ಹಸಿದವನಿಗೆ ಅಳೆದು ಕೊಡುವುದು ಕಠೋರವಲ್ಲವೇ ಎಂದು ನಮಗೆ ಅನ್ನಿಸಬಹುದು. ಪ್ರಶ್ನೆ ಸಣ್ಣದಲ್ಲ. ಆದರೆ ಇಂದಿನ ಹಸಿವಿನ ಜೊತೆ ನಾಳಿನ ಹಸಿವನ್ನೂ ಕಾಣುವುದು ಪ್ರೀತಿಯ ಕೊರತೆಯಲ್ಲ. ಅದು ವಿವೇಕವುಳ್ಳ ಪ್ರೀತಿ. ಅಳತೆ ಜಿಪುಣತನವಾಗುವುದು, ಅಳೆಯುವವನು ದೂರ ಕುಳಿತಾಗ. ಬಾರ್ಟನ್ ಆ ಜನರ ನಡುವೆಯೇ ಚಳಿಗಾಲ ಕಳೆದರು.

1900ರಲ್ಲಿ ಟೆಕ್ಸಾಸ್‌ನ ಗ್ಯಾಲ್ವೆಸ್ಟನ್ ದ್ವೀಪವನ್ನು ಚಂಡಮಾರುತ ನೆಲಸಮ ಮಾಡಿದಾಗ, ಎಪ್ಪತ್ತೆಂಟರ ಇಳಿವಯಸ್ಸಿನಲ್ಲಿಯೂ ಅವರು ಅಲ್ಲಿಗೆ ಧಾವಿಸಿದರು. ಆ ಪ್ರದೇಶದ ರೈತರಿಗೆ 15 ಲಕ್ಷ ಸ್ಟ್ರಾಬೆರಿ ಸಸಿಗಳನ್ನು ಹಂಚಲಾಯಿತು. ಆಡಳಿತದ ಬಗ್ಗೆ ಟೀಕೆಗಳು ಎದ್ದಾಗ 1904ರಲ್ಲಿ ಸಂಸ್ಥೆಯ ಅಧ್ಯಕ್ಷ ಪದವಿ ತ್ಯಜಿಸಿದರು. 1912ರ ಏಪ್ರಿಲ್ 12ರಂದು, ತೊಂಬತ್ತರ ವಯಸ್ಸಿನಲ್ಲಿ, ಗ್ಲೆನ್ ಎಕೋದ ತಮ್ಮ ಮನೆಯಲ್ಲಿ ಕೊನೆಯುಸಿರೆಳೆದರು.

ಇನ್ನೊಮ್ಮೆ ನಮ್ಮ ವಾಳೆಗಳಲ್ಲಿ ಸಂತ್ರಸ್ತರಿಗಾಗಿ ಮೂಟೆ ಕಟ್ಟುವಾಗ ಅಕ್ಕಿಯ ಜೊತೆ ಬೀಜಕ್ಕೂ, ಹಳೆಯ ಬಟ್ಟೆಯ ಜೊತೆ ಸೂಜಿನೂಲಿಗೂ ಸ್ಥಳವಿರಲಿ. ನಮ್ಮ ನೆರವು ನಿಂತ ದಿನವೂ ಅವರ ಒಲೆ ಉರಿಯುತ್ತಿರಬೇಕು.